ಒಂದು ಗುಡಿಸಿನ ಅಂತರ



ಹುಟ್ಟಿದಾಗ ಗಂಡೆಂದು ಬರೆಸಿಕೊಂಡ ಮಗು ತಾನು ಹೆಣ್ಣೆಂದೂ, ಹೆಣ್ಣೆಂದು ಬರೆಸಿಕೊಂಡ ಮಗು ತಾನು ಗಂಡೆಂದೂ, ಆಟಕ್ಕಲ್ಲದೆ, ಒಂದು ದಿನದ ಹಟಕ್ಕಲ್ಲದೆ, ವರ್ಷಗಟ್ಟಲೆ ಹೇಳುತ್ತ ಬಂದರೆ ಆ ಮಾತಿಗೆ ಹಿರಿಯರಾದ ನಾವು ಕೊಡಬೇಕಾದ ಬೆಲೆಯೇನು ಎಂಬುದೇ ಇಂದು ನನಗೆ ಒಪ್ಪಿಸಿರುವ ವಿಷಯ. ಇದು ಹೊಸಕಾಲದ್ದೆಂದು ಕೆಲವರೂ ಪರದೇಶದ್ದೆಂದು ಕೆಲವರೂ ಭಾವಿಸಬಹುದಾದುದರಿಂದ, ಮೊದಲು ನನ್ನ ತರಗತಿಯಲ್ಲಿಯೇ ನಡೆದ ಸಂಗತಿಯೊಂದನ್ನು ನಿವೇದಿಸಿ ಮುಂದುವರಿಯುವೆನು.

ಮೂವತ್ತು ವರ್ಷಗಳಿಗೂ ಹಿಂದೆ, ಪ್ರಾಥಮಿಕ ಶಾಲೆಯೊಂದರಲ್ಲಿ ಮೂರನೆಯ ತರಗತಿಗೆ ಕನ್ನಡ ಪಾಠ ಹೇಳುತ್ತಿದ್ದಾಗ, 'ನನ್ನ ಪರಿಚಯ' ಎಂದು ಐದು ವಾಕ್ಯಗಳನ್ನು ಬರೆದು ತರುವಂತೆ ಮಕ್ಕಳಿಗೆ ಹೇಳಿದ್ದೆನು. ಗಂಡುಮಕ್ಕಳ ಸಾಲಿನಲ್ಲಿ ಕೂರುತ್ತಿದ್ದ ಮಗುವೊಂದು 'ನಾನು ಒಳ್ಳೆಯ ಹುಡುಗಿ' ಎಂದು ಬರೆದು ತಂದಿತು. ಕಾಗುಣಿತದ ತಪ್ಪೆಂದು ಬಗೆದು, ಗಕಾರದ ಗುಡಿಸನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ತಲಕಟ್ಟು ಕೊಟ್ಟು, ಪುಸ್ತಕವನ್ನು ಹಿಂದಿರುಗಿಸಿದೆನು. ಮರುದಿನ ಆ ಪುಸ್ತಕ ನನ್ನ ಮೇಜಿಗೆ ಬಂದಾಗ, ಶಾಯಿಯಿದ್ದೆಡೆಯಲ್ಲಿ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಗಿದ್ದಿತು; ತೂತಿನ ಪಕ್ಕದಲ್ಲಿ, ಮೊದಲಿಗಿಂತ ದಪ್ಪವಾಗಿ, ಪೆನ್ಸಿಲನ್ನು ಒತ್ತಿ ಬರೆದ 'ಗಿ' ಇದ್ದಿತು. ನಾನು ಅದನ್ನು ತರಗತಿಗೆಲ್ಲ ಓದಿ ಹೇಳಿ ಗದರಿಸಿದೆನು, ತರಗತಿ ನಕ್ಕಿತು, ಮಗು ಅಳಲಿಲ್ಲ, ತಲೆ ತಗ್ಗಿಸಿ ಕುಳಿತಿತು. ಮುಂದಿನ ವರ್ಷ ತಂದೆಗೆ ವರ್ಗವಾಗಿ ಆ ಸಂಸಾರ ಊರು ಬಿಟ್ಟಿತು. ಮಗು ಮುಂದೇನಾಯಿತೆಂಬುದನ್ನು ನಾನರಿಯೆನು. ನಾನು ತಿದ್ದಿದುದು ಕಾಗುಣಿತವನ್ನಲ್ಲವೆಂಬುದು ಮಾತ್ರ ಬಹುಕಾಲದ ಮೇಲೆ ತಿಳಿದು, ಅಂದಿನಿಂದ ಇಂದಿನವರೆಗೂ ನನ್ನನ್ನು ಬಾಧಿಸುತ್ತಿದೆ.

ನಮ್ಮ ಭಾಷೆಯ ಸ್ವಭಾವವನ್ನು ಇಲ್ಲಿ ಸ್ವಲ್ಪ ಪರಿಶೀಲಿಸಬಹುದು. 'ನಾನು ಬಂದೆನು' ಎಂಬಲ್ಲಿ ಬಂದವರು ಗಂಡೋ ಹೆಣ್ಣೋ ಕನ್ನಡವು ಕೇಳುವುದಿಲ್ಲ. 'ನೀನು ಬಂದೆ' ಎಂಬಲ್ಲಿಯೂ ಕೇಳುವುದಿಲ್ಲ. 'ಮಗು ಬಂದಿತು' ಎಂಬಲ್ಲಂತೂ ನಮ್ಮ ಪೂರ್ವಿಕರು ಶಿಶುವನ್ನು ಉದಾರವಾಗಿ ನಪುಂಸಕಲಿಂಗದಲ್ಲಿಯೇ ಬಿಟ್ಟಿರುವರು. 'ಬಂದನು', 'ಬಂದಳು' ಎಂಬ ಭೇದವು ಹುಟ್ಟುವುದು ಒಬ್ಬರನ್ನು ಕುರಿತು ಇನ್ನೊಬ್ಬರು ಮಾತನಾಡುವಾಗ. 'ಬಾರೋ', 'ಬಾರೇ' ಎಂಬ ಭೇದವು ಹುಟ್ಟುವುದು ಅಂಗಳದಲ್ಲಿ ನಿಂತು ಹಿರಿಯರು ಕೂಗಿ ಕರೆಯುವಾಗ. ಮಗುವು ತನ್ನನ್ನು ತಾನು ಅರಿತುಕೊಳ್ಳುವುದು ಆತ್ಮಪ್ರತ್ಯಯ. ಅದನ್ನು ಕಂಡು ಜನರು ಕರೆಯುವ ಹೆಸರು, ಉಡಿಸುವ ಉಡುಪು, ಕೂರಿಸುವ ಸಾಲು ಬದಲಾಗುವುದು ಸಾಮಾಜಿಕ ಪರಿವರ್ತನೆ. ಮೊದಲನೆಯದು ಮಗುವಿನೊಳಗೆ ನಡೆಯುವುದು, ಎರಡನೆಯದು ನಾವು ಮಾಡುವುದು. ಬಾಲ್ಯಕಾಲದ ಈ ಪರಿವರ್ತನೆಯಲ್ಲಿ ಔಷಧವಿಲ್ಲ, ಶಸ್ತ್ರವಿಲ್ಲ. ಇದನ್ನು ಕುರಿತ ಭಯದ ಬಹುಪಾಲು ಈ ಒಂದು ಸಂಗತಿಯನ್ನು ಅರಿಯದುದರಿಂದ ಹುಟ್ಟಿದುದು.

ಮಗುವಿಗೆ ತನ್ನ ಲಿಂಗದ ಅರಿವು ಬರುವುದಾದರೂ ಯಾವಾಗ? ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ 1966ರಷ್ಟು ಹಿಂದೆಯೇ ಪ್ರತಿಪಾದಿಸಿದಂತೆ, ಮೂರರ ವಯಸ್ಸಿನ ಸುಮಾರಿಗೆ ಮಗು ತಾನು ಗಂಡೆಂದೋ ಹೆಣ್ಣೆಂದೋ ಹೇಳಬಲ್ಲುದು. ಉಡುಪು ಬದಲಾದ ಮಾತ್ರಕ್ಕೆ ಲಿಂಗವು ಬದಲಾಗದೆಂಬ ಸ್ಥಿರವಾದ ತಿಳಿವಳಿಕೆಗೆ ಇನ್ನೂ ಕೆಲವು ವರ್ಷಗಳು ಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ಹನ್ನೊಂದನೆಯ ರೋಗವರ್ಗೀಕರಣದಲ್ಲಿ 'ಬಾಲ್ಯದ ಲಿಂಗ ಅಸಾಂಗತ್ಯ'ವನ್ನು ಮಾನಸಿಕ ವ್ಯಾಧಿಗಳ ಅಧ್ಯಾಯದಿಂದ ತೆಗೆದು ಬೇರೆಡೆ ಇರಿಸಲಾಗಿದೆ. ಅದನ್ನು ಗುರುತಿಸಲು ಈ ಭಾವವು ಸುಮಾರು 2 ವರ್ಷವಾದರೂ ನೆಲೆಸಿರಬೇಕೆಂದೂ, ಆಟಪಾಟಗಳ ಅಭಿರುಚಿಯೊಂದೇ ಅದಕ್ಕೆ ಆಧಾರವಾಗಲಾರದೆಂದೂ ಅಲ್ಲಿ ಹೇಳಿದೆ. ಈ ಕಡೆಯ ಮಾತು ನಮ್ಮ ಮನೆಗಳಿಗೆ ಬಹಳ ಮುಖ್ಯವಾದುದು. ಮರ ಹತ್ತುವ ಹುಡುಗಿಯನ್ನು 'ಗಂಡುಬೀರಿ' ಎಂದೂ ರಂಗವಲ್ಲಿ ಹಾಕುವ ಹುಡುಗನನ್ನು 'ಹೆಣ್ಣಿಗ' ಎಂದೂ ಹಳಿಯುವ ನಾವು, ಅಭಿರುಚಿಗೂ ಆತ್ಮಪ್ರತ್ಯಯಕ್ಕೂ ಇರುವ ಅಂತರವನ್ನು ಎಂದೂ ಎಣಿಸಿದವರಲ್ಲ. ಎರಡು ವರ್ಷದ ಗಂಡುಮಗುವಿಗೆ ಲಂಗ ತೊಡಿಸಿ, ಮೊಗ್ಗಿನ ಜಡೆ ಹಾಕಿ, ಸ್ಟುಡಿಯೋಕ್ಕೆ ಕರೆದೊಯ್ದು ಪಟ ತೆಗೆಸಿ ನಡುಮನೆಯಲ್ಲಿ ತೂಗುಹಾಕುವ ತಾಯಿಯೇ, ಏಳರ ವಯಸ್ಸಿನಲ್ಲಿ ಆ ಮಗು ತಾನಾಗಿ ಲಂಗವನ್ನು ಕೇಳಿದರೆ ಬಾಗಿಲು ಹಾಕಿಕೊಂಡು ಹೊಡೆಯುವಳು.

ಇನ್ನು ಪ್ರಮಾಣಗಳ ಮಾತು. ಆಮ್‌ಸ್ಟರ್‌ಡ್ಯಾಮ್ ನಗರದ ಚಿಕಿತ್ಸಾಲಯದಲ್ಲಿ ಥಾಮಸ್ ಸ್ಟೀನ್ಸ್‌ಮಾ ಮತ್ತು ಅವರ ಸಹೋದ್ಯೋಗಿಗಳು 25 ಮಂದಿ ಕಿಶೋರರೊಡನೆ ದೀರ್ಘವಾಗಿ ಸಂಭಾಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದುವಾಗ ನನಗೆ ಆ ಹರಿದ ಹಾಳೆ ಕಣ್ಣಮುಂದೆ ಬಂದಿತು. ಬಾಲ್ಯದ ಭಾವವು ಮುಂದೆಯೂ ಉಳಿದವರು ತಾವು ಆ ಇನ್ನೊಂದು ಲಿಂಗದವರೇ ಆಗಿದ್ದೆವೆಂದು ನೆನೆದರು. ಭಾವವು ಕ್ರಮೇಣ ಕರಗಿದವರು ತಾವು ಹಾಗಿದ್ದರೆ ಚೆನ್ನಾಗಿತ್ತೆಂದು ಬಯಸಿದ್ದೆವೆಂದು ನೆನೆದರು. 'ನಾನು ಹುಡುಗಿ' ಎಂಬುದಕ್ಕೂ 'ನಾನು ಹುಡುಗಿಯಾಗಿದ್ದಿದ್ದರೆ' ಎಂಬುದಕ್ಕೂ ಇರುವ ಭೇದವಿದು. ಕಿವಿಗೊಟ್ಟು ಕೇಳುವ ತಾಳ್ಮೆಯಿಲ್ಲದವರಿಗೆ ಎರಡೂ ಒಂದೇ ಹಟವಾಗಿ ಕೇಳಿಸುವುವು. ಹತ್ತರಿಂದ ಹದಿಮೂರರವರೆಗಿನ ವಯಸ್ಸು, ಎಂದರೆ ಗಂಡು ಹೆಣ್ಣು ಮಕ್ಕಳ ಗುಂಪುಗಳು ಬೇರೆಬೇರೆಯಾಗುವ, ದೇಹವು ಮಾರ್ಪಡುವ, ಮೊದಲ ಅನುರಾಗವು ಅಂಕುರಿಸುವ ಕಾಲವೇ ನಿರ್ಣಾಯಕವಾಯಿತೆಂದು ಎರಡು ಗುಂಪಿನವರೂ ಹೇಳಿದರು. ಬಾಲ್ಯದಲ್ಲಿ ಬಹುಮಟ್ಟಿಗೆ ಹುಡುಗರಂತೆಯೇ ಬದುಕಿದ್ದ ಕೆಲವು ಹುಡುಗಿಯರು ಹಿಂದಿರುಗಲು ಬಯಸಿದಾಗ, ನಗೆಪಾಟಲಿನ ಭಯದಿಂದ ಬಹಳ ಕಷ್ಟಪಟ್ಟರೆಂಬುದೂ ಅಲ್ಲಿಯೇ ದಾಖಲಾಗಿದೆ. ಅದೇ ಚಿಕಿತ್ಸಾಲಯದ 2013ರ ಅಧ್ಯಯನದಲ್ಲಿ 127 ಮಂದಿಯ ಪೈಕಿ 47 ಮಂದಿಯಲ್ಲಿ ಮಾತ್ರ ಭಾವವು ಉಳಿಯಿತೆಂದು ಎಣಿಸಲಾಯಿತು. ಉತ್ತರವನ್ನೇ ಕೊಡದ 28 ಮಂದಿಯನ್ನೂ ಉಳಿಯದವರ ಲೆಕ್ಕಕ್ಕೆ ಸೇರಿಸಿದುದು ಸರಿಯೆ ಎಂಬ ಆಕ್ಷೇಪವಿರುವುದರಿಂದ, ಆ ಸಂಖ್ಯೆಯನ್ನು ಎಚ್ಚರಿಕೆಯಿಂದ ಹಿಡಿಯಬೇಕು.

ಅಮೆರಿಕದಲ್ಲಿ ಕ್ರಿಸ್ಟಿನಾ ಓಲ್ಸನ್ ಅವರು 2013ರಲ್ಲಿ ಸಿಯಾಟಲ್ ನಗರದಿಂದ ಆರಂಭಿಸಿದ ಅಧ್ಯಯನವು ಬೇರೊಂದು ಮುಖವನ್ನು ತೋರಿಸುವುದು. ಅವರು ನೋಡಿದುದು, ಮನೆಯವರು ಹೆಸರನ್ನೂ ಸರ್ವನಾಮವನ್ನೂ ಈಗಾಗಲೇ ಬದಲಿಸಿ ಬೆಂಬಲಿಸಿದ್ದ ಮಕ್ಕಳನ್ನು. ಅಂಥ 317 ಮಕ್ಕಳಲ್ಲಿ, ಪರಿವರ್ತನೆಯಾಗಿ ಸರಾಸರಿ 5 ವರ್ಷ ಕಳೆದ ಮೇಲೆ, ಶೇಕಡಾ 94ರಷ್ಟು ಮಂದಿ ಆ ಗುರುತಿನಲ್ಲಿಯೇ ಇದ್ದರೆಂದು 2022ರ ವರದಿ ತಿಳಿಸಿತು. ಹಾಗಾದರೆ ಪರಿವರ್ತನೆಯೇ ಮಗುವನ್ನು ಆ ದಾರಿಗೆ ಕಟ್ಟಿಹಾಕಿತೆ? ಈ ಸಂದೇಹ ನ್ಯಾಯವಾದುದು. ಅದಕ್ಕೆ ಭಾಗಶಃ ಉತ್ತರವು ಅದೇ ತಂಡದ 2019ರ ಬರೆಹದಲ್ಲಿದೆ. ಇನ್ನೂ ಪರಿವರ್ತನೆ ಹೊಂದದಿದ್ದ 85 ಮಕ್ಕಳನ್ನು ಮೊದಲು ಪರೀಕ್ಷಿಸಿ, ಸುಮಾರು 2 ವರ್ಷಗಳ ಮೇಲೆ ಮತ್ತೆ ವಿಚಾರಿಸಿದಾಗ 36 ಮಂದಿ ಪರಿವರ್ತನೆ ಹೊಂದಿದ್ದರು. ಹೊಂದಿದವರು ಮೊದಲ ಪರೀಕ್ಷೆಯಲ್ಲಿಯೇ ಉಳಿದವರಿಗಿಂತ ಗಾಢವಾದ ಆತ್ಮಪ್ರತ್ಯಯವನ್ನು ತೋರಿದ್ದರು. ಹೆಸರು ಬದಲಿಸಿದ್ದರಿಂದ ಭಾವ ಹುಟ್ಟಲಿಲ್ಲ, ಭಾವವಿದ್ದುದರಿಂದ ಹೆಸರು ಬದಲಾಯಿತೆಂದು ನಾನು ಇದನ್ನು ಅರ್ಥಮಾಡಿಕೊಂಡಿರುವೆನು.

ಆದರೂ 2024ರಲ್ಲಿ ಇಂಗ್ಲೆಂಡಿನ ವೈದ್ಯೆ ಹಿಲರಿ ಕ್ಯಾಸ್ ಅವರು ಸಲ್ಲಿಸಿದ ವರದಿಯನ್ನು ಬದಿಗೊತ್ತಲು ನಾನು ಒಪ್ಪುವುದಿಲ್ಲ. ಬಾಲ್ಯದ ಸಾಮಾಜಿಕ ಪರಿವರ್ತನೆಯಿಂದ ಮಗುವಿನ ಮನಸ್ಸಿಗೆ ಹಿತವಾಗುವುದೆಂದಾಗಲಿ ಅಹಿತವಾಗುವುದೆಂದಾಗಲಿ ಹೇಳಲು ಸ್ಪಷ್ಟ ಆಧಾರ ಸಾಲದೆಂದೂ, ಚಿಕ್ಕ ಮಕ್ಕಳ ವಿಷಯದಲ್ಲಿ ಪರಿಣತರ ಸಲಹೆಯನ್ನು ಬೇಗನೆ ಪಡೆಯಬೇಕೆಂದೂ, ಮುಂದಿನ ಆಯ್ಕೆಗಳು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕೆಂದೂ ಆ ವರದಿ ಹೇಳುವುದು. ಆ ವರದಿಯ ಇತರ ಭಾಗಗಳ ಮೇಲೆ ವೈದ್ಯರಲ್ಲಿಯೇ ವಿವಾದವಿದೆ. ಆಯ್ಕೆಗಳು ಮುಚ್ಚಿಹೋಗಬಾರದೆಂಬ ಮಾತನ್ನು ಮಾತ್ರ ನಾನು ಮನಸಾರೆ ಒಪ್ಪುವೆನು. ಮುಂದೆ ಹೋಗಲು ಬಿಟ್ಟ ಮಗುವಿಗೆ ಹಿಂದೆ ಬರುವ ಬಾಗಿಲು ತೆರೆದಿರಬೇಕು. ಬಂದರೆ ಯಾರೂ ನಗಬಾರದು.

ನಮ್ಮ ನಾಡಿನಲ್ಲಿ ಪರಿವರ್ತನೆಯ ಒಂದು ಮಾರ್ಗವು ಹಳೆಯ ಕಾಲದಿಂದಲೂ ಇದೆ. ಸವದತ್ತಿಯ ಎಲ್ಲಮ್ಮನ, ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಜೋಗಪ್ಪನಾಗಿ ಬದುಕುವ ಮಾರ್ಗ. ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಂಜಮ್ಮ ಜೋಗತಿಯವರು ಆ ಮಾರ್ಗದಲ್ಲಿಯೇ ನಡೆದು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದುದನ್ನು ನಾವೆಲ್ಲರೂ ಹೆಮ್ಮೆಯಿಂದ ಕಂಡೆವು. ಆದರೆ ಅವರು ತಮ್ಮ ಬಾಲ್ಯದ ಯಾತನೆಯನ್ನೂ ಭಿಕ್ಷೆ ಬೇಡಿದ ದಿನಗಳನ್ನೂ ಸಭೆಗಳಲ್ಲಿ ಹೇಳಿಕೊಂಡಿರುವರಷ್ಟೆ. ದೇವಿಯ ಹೆಸರಿನಲ್ಲಿ ಸೀರೆಯನ್ನು ಅನುಗ್ರಹಿಸಿದ ಸಮಾಜವು ಪ್ರತಿಯಾಗಿ ಮನೆಯನ್ನು ಕಿತ್ತುಕೊಂಡಿತು. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿದಾಗ ನನಗಾದ ಸಂತೋಷ ಅಪಾರ. ಆದರೆ 2021ರಲ್ಲಿ, ಇಂಥ ಮಕ್ಕಳನ್ನು ಶಾಲೆಯಲ್ಲಿ ನಡೆಸಿಕೊಳ್ಳುವ ರೀತಿಯನ್ನು ಕುರಿತು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಸಿದ್ಧಪಡಿಸಿದ ಕೈಪಿಡಿಯು, ಆಕ್ಷೇಪ ಬಂದೊಡನೆ, ಪ್ರಕಟವಾದ ಕೆಲವೇ ದಿನಗಳಲ್ಲಿ ಮರೆಯಾಯಿತು. ಹಾಗಾಗಿ ಅಧ್ಯಾಪಕನು ಇಂದಿಗೂ, ಅಂದು ನಾನಿದ್ದಂತೆಯೇ, ತನ್ನ ಅಜ್ಞಾನವನ್ನೇ ನಂಬಿಕೊಂಡು ತರಗತಿಗೆ ಹೋಗುವನು.

ಈ ಸಭೆಯಲ್ಲಿ ಅಧ್ಯಾಪಕರಿದ್ದೀರಿ, ಅಜ್ಜ ಅಜ್ಜಿಯರಿದ್ದೀರಿ. ನಿಮ್ಮ ಎದುರಿಗೆ ಅಂಥ ಮಗುವೊಂದು ಬಂದಲ್ಲಿ, ಅದೇ ದಿನ ತೀರ್ಪು ಕೊಡಬೇಡಿರಿ. ಮಂತ್ರವಾದಿಯ ಬಳಿಗೆ ಎಳೆದೊಯ್ಯಬೇಡಿರಿ, ಹೊಡೆಯಬೇಡಿರಿ. ಅದು ಏನೆನ್ನುವುದೋ ಒಂದು ಋತುವಲ್ಲ, ಎರಡು ಋತುವಲ್ಲ, ವರ್ಷಗಳವರೆಗೆ ಕೇಳಿರಿ. ಮಕ್ಕಳ ಮನಸ್ಸನ್ನು ಬಲ್ಲ ವೈದ್ಯರನ್ನು ಕಂಡು ಕೇಳಿರಿ. ಅದು ಬಯಸಿದ ಹೆಸರಿನಿಂದ ಕರೆಯಲು ನಿಮ್ಮ ನಾಲಗೆ ಇನ್ನೂ ಏಳದಿದ್ದಲ್ಲಿ, 'ಬಾರೋ' ಎಂದು ನೋಯಿಸದೆ, 'ಬಾ ಮಗು' ಎಂದಾದರೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿರಿ ಎಂದು ಬೇಡಿಕೊಳ್ಳುವೆನು.