ಮಗು ತಲೆನೋವು ಅಂದರೆ



ಇವತ್ತು ಮಕ್ಕಳ ತಲೆನೋವಿನ ಬಗ್ಗೆ ನಾಲ್ಕು ಮಾತು ಆಡೋಣ. "ಸಣ್ಣ ಮಕ್ಕಳಿಗೆ ಎಂಥ ತಲೆನೋವು? ಶಾಲೆ ತಪ್ಪಿಸೋಕೆ ನಾಟಕ" ಅನ್ನುತ್ತೇವೆ. ನಾವೂ ಹಾಗೇ ಅಂದುಕೊಂಡಿದ್ದೆವು.

ನಾವು ಹೋಗುತ್ತಿದ್ದ ಒಂದು ಹಳ್ಳಿಯಲ್ಲಿ ಏಳು ವರ್ಷದ ಹುಡುಗನಿದ್ದ. ತಿಂಗಳಿಗೆ ಎರಡು ಮೂರು ಸಲ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಆಟ ಬಿಟ್ಟು ಕತ್ತಲ ಮೂಲೆ ಸೇರುತ್ತಿದ್ದ. ಟಿ.ವಿ. ಹಾಕಿದರೆ ಅಳುತ್ತಿದ್ದ. ವಾಂತಿ ಆಗುತ್ತಿತ್ತು. ನಿದ್ದೆ ಮಾಡಿ ಎದ್ದರೆ ಏನೂ ಆಗದವನ ಹಾಗೆ ಅನ್ನ ಕೇಳುತ್ತಿದ್ದ. ಅಜ್ಜಿ ದೃಷ್ಟಿ ತೆಗೆದರು. ಅಪ್ಪ ಕನ್ನಡಕ ಮಾಡಿಸಿದರು. ನಾಟಕ ಅಂತ ಎರಡೇಟೂ ಬಿತ್ತು. ಆದರೆ ಜಾತ್ರೆಯ ದಿನವೂ ನೋವು ಬಂತಲ್ಲ! ಜಾತ್ರೆ ತಪ್ಪಿಸೋಕೆ ಯಾವ ಮಗು ನಾಟಕ ಮಾಡುತ್ತೆ?

ಅದು ಮೈಗ್ರೇನ್. ಅರೆತಲೆನೋವು ಅಂತಲೂ ಹೇಳುತ್ತಾರೆ. ಹೆಸರು ಕೇಳಿ ಮೋಸ ಹೋಗಬೇಡಿ. ದೊಡ್ಡವರಿಗೆ ಹೆಚ್ಚಾಗಿ ತಲೆಯ ಒಂದು ಕಡೆ ನೋಯುತ್ತದೆ. ಮಕ್ಕಳಿಗೆ ಹಣೆಯ ಎರಡೂ ಕಡೆ ನೋಯುವುದುಂಟು. ಕೆಲವು ಮಕ್ಕಳಿಗೆ ಇದು ಹೊಕ್ಕುಳ ಸುತ್ತ ಹೊಟ್ಟೆನೋವಾಗಿ ಬರುತ್ತದೆ. ಮನೆಯಲ್ಲಿ ತಾಯಿಗೋ ತಂದೆಗೋ ಇದ್ದರೆ ಮಗುವಿಗೂ ಬರಬಹುದು. ಈ ಹುಡುಗನ ತಾಯಿಗೂ ಇತ್ತು. ಹಣೆಗೆ ಬಟ್ಟೆ ಬಿಗಿದುಕೊಂಡೇ ರೊಟ್ಟಿ ತಟ್ಟುತ್ತಿದ್ದರು. ಡಾಕ್ಟರು ಕೇಳುವ ತನಕ ಯಾರಿಗೂ ಹೇಳಿರಲಿಲ್ಲ.

ಮೈಗ್ರೇನ್ ರಕ್ತ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ. ಬೇರೆ ರೋಗದ ಅನುಮಾನ ಬಂದರೆ ಮಾತ್ರ ಸ್ಕ್ಯಾನ್ ಬೇಕು. ಡಾಕ್ಟರು ಮಗುವಿನ ನಡಿಗೆ, ಕಣ್ಣಿನ ಒಳಭಾಗ, ರಕ್ತದ ಒತ್ತಡ ನೋಡುತ್ತಾರೆ. ಉಳಿದದ್ದನ್ನು ಕೇಳಿಯೇ ತಿಳಿಯಬೇಕು. ಇಂಥ ನೋವು ಕನಿಷ್ಠ 5 ಸಲ ಬಂದಿರಬೇಕು. ಔಷಧಿ ಕೊಡದಿದ್ದರೆ ಒಂದೊಂದು ಸಲ 2 ಗಂಟೆಯಿಂದ 72 ಗಂಟೆ ಇರುತ್ತದೆ. ಇದು ವೈದ್ಯರ ಲೆಕ್ಕ.

ಆ ಲೆಕ್ಕ ಕೊಡುವವರು ಯಾರು? ನೀವೇ. ಈಗ ನಿಮಗೆ ಬರೆಯಲು ಬರುತ್ತದಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಗುರುತು ಹಾಕಿ. ಎಷ್ಟು ಹೊತ್ತಿಗೆ ಬಂತು? ಎಷ್ಟು ಹೊತ್ತು ಇತ್ತು? ವಾಂತಿ ಆಯಿತೆ? ಹಿಂದಿನ ರಾತ್ರಿ ನಿದ್ದೆ ಆಗಿತ್ತೆ? ಆ ತಾಯಿ ಎರಡು ತಿಂಗಳು ಹೀಗೆ ಬರೆದರು. ಕಾಗುಣಿತ ತಪ್ಪಿತ್ತು. ಆದರೇನು, ಡಾಕ್ಟರಿಗೆ ಅರ್ಥವಾಯಿತು. ಹುಡುಗ ತಿಂಡಿ ತಿನ್ನದೆ ಶಾಲೆಗೆ ಓಡಿದ ದಿನವೇ ನೋವು ಹೆಚ್ಚು ಅಂತ ಅದರಲ್ಲೇ ಸಿಕ್ಕಿತು.

ಹೇಳಲು ಬಾರದ ಮಗುವಿನ ಕೈಗೆ ಬಳಪ ಕೊಡಿ. ನೋವಿನ ಚಿತ್ರ ಬರಿ ಅನ್ನಿ. ಈ ಹುಡುಗ ತನ್ನ ತಲೆಯ ಮೇಲೆ ಸುತ್ತಿಗೆ ಬರೆದಿದ್ದ. ಅದನ್ನು ನೋಡಿದ ಮೇಲೆ ಅವರಪ್ಪ ಹೊಡೆಯಲಿಲ್ಲ.

ಕೆಲವು ತಲೆನೋವಿಗೆ ಮಾತ್ರ ಕ್ಯಾಲೆಂಡರ್ ತುಂಬುತ್ತಾ ಕೂರಬಾರದು. ಜ್ವರ ಬಂದು ಕತ್ತು ಸೆಟೆದುಕೊಂಡರೆ, ಫಿಟ್ಸ್ ಬಂದರೆ, ಒಂದು ವಸ್ತು ಎರಡಾಗಿ ಕಂಡರೆ, ನಡಿಗೆ ತಡವರಿಸಿದರೆ, ನೋವಿಗೆ ನಿದ್ದೆಯಿಂದ ಎಚ್ಚರವಾಗಿ ಬೆಳಗ್ಗೆ ವಾಂತಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ತೀರಾ ಚಿಕ್ಕ ಮಗುವಾದರೂ ತಡಮಾಡಬೇಡಿ. ಅಂಗಡಿಯ ಮಾತ್ರೆ ಬೇಡ. ಮಕ್ಕಳಿಗೆ ಆಸ್ಪಿರಿನ್ ಅಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್ ಆದರೂ ಮಗುವಿನ ತೂಕ ನೋಡಿ ಡಾಕ್ಟರು ಹೇಳಿದಷ್ಟೇ ಕೊಡಬೇಕು.

ಮನೆಯಲ್ಲಿ ಕ್ಯಾಲೆಂಡರ್ ಇಲ್ಲದವರು ಕೈ ಎತ್ತಿ. ನಾವು ತಂದಿದ್ದೇವೆ.