ಹೊನ್ನಿನ ಬಣ್ಣ ಕಳೆದ ಪ್ಲಾಸ್ಟಿಕ್

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲಿಳಿದದ್ದನ್ನು ನಾವೆಲ್ಲ ಕಣ್ತುಂಬ ನೋಡಿದೆವು. ಅದರ ಮೈಗೆ ಹೊದಿಸಿದ್ದ ಹೊನ್ನಿನ ಬಣ್ಣದ ಹಾಳೆ ಚಿನ್ನದ್ದಲ್ಲ. ಅದು ಪಾಲಿಇಮೈಡ್ ಎಂಬ ಪ್ಲಾಸ್ಟಿಕ್‌ನ ತೆಳುಹಾಳೆ, ಹಿಂಬದಿಗೆ ಅಲ್ಯೂಮಿನಿಯಂ ಲೇಪ. ಹೊನ್ನಿನ ಬಣ್ಣ ಪ್ಲಾಸ್ಟಿಕ್‌ನದೇ. ಆ ಬಣ್ಣವನ್ನು ಕಳೆಯಬೇಕು, ಆದರೆ ಶಾಖ ತಾಳುವ ಗುಣ ಉಳಿಯಬೇಕು. ಇದಕ್ಕಾಗಿ ರಸಾಯನಶಾಸ್ತ್ರಜ್ಞರು ದಶಕಗಳಿಂದ ದುಡಿದಿದ್ದಾರೆ. ಇವತ್ತು ಆ ಕಥೆ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಬೋಗರ್ಟ್ ಮತ್ತು ರೆನ್‌ಷಾ 1908ರಲ್ಲೇ ಪಾಲಿಇಮೈಡನ್ನು ಕಂಡಿದ್ದರು. ಅದರಿಂದ ಏನು ಮಾಡಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ. 1950ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ಅದನ್ನು ಮತ್ತೆ ಕೈಗೆತ್ತಿಕೊಂಡಿತು, 60ರ ದಶಕದಲ್ಲಿ ಕ್ಯಾಪ್ಟಾನ್ ಹಾಳೆ ಮಾರುಕಟ್ಟೆಗೆ ಬಂತು. ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಚಳಿಯಿಂದ 400 ಡಿಗ್ರಿ ಸೆಲ್ಸಿಯಸ್ ಬಿಸಿಯವರೆಗೆ ಕೆಲಸಕ್ಕೆ ಬರುವ ವಸ್ತು ಅದು. 1969ರಲ್ಲಿ ಮನುಷ್ಯರನ್ನು ಚಂದ್ರನ ಮೇಲಿಳಿಸಿದ ಅಪೊಲೊ ನೌಕೆಗೂ ಅದೇ ಹೊದಿಕೆ.

ಪ್ರಯೋಗಾಲಯದಲ್ಲಿ ಇದನ್ನು ಹೀಗೆ ಮಾಡುತ್ತಾರೆ. ಡೈಅಮೀನ್ ಮತ್ತು ಡೈಅನ್‌ಹೈಡ್ರೈಡ್ ಎಂಬ ಎರಡು ಪದಾರ್ಥಗಳನ್ನು ದ್ರಾವಕದಲ್ಲಿ ಕಲಸಿದಾಗ ಜೇನಿನಂತೆ ಗಟ್ಟಿಯಾದ ದ್ರವ ಸಿಗುತ್ತದೆ. ಅದನ್ನು ಗಾಜಿನ ಮೇಲೆ ತೆಳುವಾಗಿ ಹರಡಿ, ಒಲೆಯಲ್ಲಿ ಹಂತಹಂತವಾಗಿ 300 ಡಿಗ್ರಿಯವರೆಗೆ ಕಾಯಿಸುತ್ತಾರೆ. ಅಣುಗಳಿಂದ ನೀರು ಹೊರಬೀಳುತ್ತದೆ, ಅವುಗಳಲ್ಲಿ ಪರಮಾಣುಗಳ ಉಂಗುರಗಳು ಕೂಡಿಕೊಳ್ಳುತ್ತವೆ. ತಣ್ಣಗಾದ ಮೇಲೆ ಗಾಜಿನಿಂದ ಬಿಡಿಸಿದರೆ ಕೈಗೆ ಬರುವುದು ಗಟ್ಟಿಮುಟ್ಟಾದ ಹಳದಿ ಹಾಳೆ.

ಬಲಕ್ಕೂ ಬಣ್ಣಕ್ಕೂ ಮೂಲ ಒಂದೇ. ಉಂಗುರಗಳು ತುಂಬಿದ ಚಪ್ಪಟೆ ಅಣುಸರಪಳಿಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದರ ಎಲೆಕ್ಟ್ರಾನು ಇನ್ನೊಂದರತ್ತ ಸರಿಯುವಾಗ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಉಳಿದ ಬೆಳಕು ನಮಗೆ ಹಳದಿಯಾಗಿ ಕಾಣುತ್ತದೆ. ಇನ್ನೊಂದು ತೊಡಕೂ ಇತ್ತು. ಕ್ಯಾಪ್ಟಾನ್ ಕರಗುವುದಿಲ್ಲ, ಹಾಗಾಗಿ ಅಚ್ಚಿಗೆ ಸುರಿದು ಬೇಕಾದ ಆಕಾರ ಕೊಡಲು ಬರುವುದಿಲ್ಲ.

ಈ ತೊಡಕನ್ನು ಬಿಡಿಸಿದ್ದು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜೋಸೆಫ್ ವರ್ತ್ ಅವರ ತಂಡ. ಸರಪಳಿಯ ನಡುವೆ ಆಮ್ಲಜನಕದ ಕೊಂಡಿ ಸೇರಿಸಿ, ಅದು ಬಾಗುವಂತೆ ಮಾಡಿದರು. ಹೀಗೆ ಹುಟ್ಟಿದ ಅಲ್ಟೆಮ್ 1982ರಲ್ಲಿ ಮಾರುಕಟ್ಟೆಗೆ ಬಂತು. ಅದು ಕಾದರೆ ಹರಿಯುತ್ತದೆ, ತಣಿದರೆ ಗಟ್ಟಿಯಾಗುತ್ತದೆ, ಇದೇ ಥರ್ಮೋಪ್ಲಾಸ್ಟಿಕ್. ನೋಡಲು ಜೇನುಬಣ್ಣ, ಆದರೂ ಆಚೆಯದು ಕಾಣುತ್ತದೆ. ಅವಕೆಂಪು ಬೆಳಕಿಗಂತೂ ಚೆನ್ನಾಗಿ ದಾರಿ ಬಿಡುವುದರಿಂದ, ಆಪ್ಟಿಕಲ್ ಫೈಬರ್ ಜೋಡಿಸುವ ಪುಟ್ಟ ಮಸೂರಗಳಿಗೆ ಅದನ್ನು ಬಳಸುತ್ತಾರೆ. ಆದರೆ ಬಾಗುವಿಕೆಗೆ ಬೆಲೆ ತೆರಬೇಕಾಯಿತು: 217 ಡಿಗ್ರಿ ದಾಟಿದರೆ ಅಲ್ಟೆಮ್ ಮೆದುವಾಗುತ್ತದೆ.

ಅದೇ 80ರ ದಶಕದಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಆನ್ ಸೇಂಟ್ ಕ್ಲೇರ್ ಮತ್ತು ಟೆರಿ ಸೇಂಟ್ ಕ್ಲೇರ್ ಬಣ್ಣದ ಬೆನ್ನು ಹತ್ತಿದರು. ಫ್ಲೋರಿನ್ ತುಂಬಿದ ದಪ್ಪ ಗುಂಪುಗಳನ್ನು ಸರಪಳಿಗೆ ಸೇರಿಸಿದಾಗ ಸರಪಳಿಗಳು ದೂರ ಸರಿದವು, ಎಲೆಕ್ಟ್ರಾನಿನ ಓಡಾಟ ತಗ್ಗಿತು, ಹಾಳೆ ನೀರಿನಂತೆ ತಿಳಿಯಾಯಿತು. 2019ರಲ್ಲಿ ಬಂದ ಮಡಚುವ ಫೋನಿನ ಪರದೆಯ ಮೇಲೆ ಕೂತದ್ದು ಇಂಥ ಬಣ್ಣರಹಿತ ಪಾಲಿಇಮೈಡೇ.

ಇಷ್ಟರಲ್ಲಿ ಒಂದು ಮಾತು ಸ್ಪಷ್ಟ. ತಿಳಿತನ, ಶಾಖ ತಾಳುವ ಶಕ್ತಿ, ಅಚ್ಚಿಗೆ ಒಗ್ಗುವ ಗುಣ ಮೂರೂ ಪರಸ್ಪರ ಜಗ್ಗಾಡುತ್ತವೆ. ಯಾವ ಕೊಂಡಿಯನ್ನು ಎಷ್ಟು ಸಡಿಲಿಸಬೇಕು ಎಂಬ ನಿರ್ಧಾರವೇ ವಿನ್ಯಾಸ. ಅಣುವಿನ ಚಿತ್ರ ಸರಿಯಿದ್ದರೆ ಸಾಲದು, ಪದಾರ್ಥವೂ ಶುದ್ಧವಾಗಿರಬೇಕು. ಡೈಅಮೀನ್‌ಗೆ ಗಾಳಿ ತಾಗಿ ತುಸು ಕಪ್ಪಾದರೂ ಸಾಕು, ಹಾಳೆಗೆ ಮತ್ತೆ ಬಣ್ಣ ಹತ್ತುತ್ತದೆ.

ನಮ್ಮ ಹೈದರಾಬಾದಿಗೆ ಈ ಕಥೆ ಸಲ್ಲುವುದು ಇಲ್ಲಿಯೇ. ತಾರ್ನಾಕಾದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ 1944ರಲ್ಲಿ ಹೈದರಾಬಾದ್ ಸಂಸ್ಥಾನದ ಪ್ರಯೋಗಾಲಯವಾಗಿ ಹುಟ್ಟಿದ್ದು. ಬೀದರ್, ಕಲಬುರಗಿ, ರಾಯಚೂರು ಅದೇ ಸಂಸ್ಥಾನದಲ್ಲಿದ್ದ ಕಾಲ ಅದು. ಇಂದು ಅಲ್ಲಿ ಪಾಲಿಮರ್‌ಗೂ ಫ್ಲೋರಿನ್ ರಸಾಯನಶಾಸ್ತ್ರಕ್ಕೂ ವಿಭಾಗಗಳಿವೆ. 90ರ ದಶಕದಲ್ಲಿ ಎ.ವಿ. ರಾಮರಾವ್ ಅವರ ಮುಂದಾಳುತನದಲ್ಲಿ ಏಡ್ಸ್ ಔಷಧಿ ಎಝಡ್‌ಟಿಯನ್ನು ಕಡಿಮೆ ಖರ್ಚಿನಲ್ಲಿ ತಯಾರಿಸುವ ದಾರಿ ಕಂಡುಕೊಂಡು ಸಿಪ್ಲಾ ಕಂಪನಿಗೆ ಕೊಟ್ಟದ್ದೂ ಈ ಸಂಸ್ಥೆಯೇ.

ಹೈದರಾಬಾದಿನ ಜೀಡಿಮೆಟ್ಲ, ಬಾಲಾನಗರದ ಔಷಧ ಕಾರ್ಖಾನೆಗಳು ಅಮೀನ್‌ಗಳನ್ನು ಶುದ್ಧಗೊಳಿಸುವ ಕಸುಬನ್ನು ಎಂದೋ ಕಲಿತಿವೆ. ಪಾರದರ್ಶಕ ಪಾಲಿಇಮೈಡ್ ದುಬಾರಿಯಾಗಿರುವುದಕ್ಕೆ ದೊಡ್ಡ ಕಾರಣ ಅದರ ಫ್ಲೋರಿನ್ ಕೂಡಿದ ಕಚ್ಚಾ ಪದಾರ್ಥಗಳ ಬೆಲೆ. ಮಾತ್ರೆಯ ಬೆಲೆ ಇಳಿಸಿದ ನಗರ ಇದರ ಬೆಲೆಯನ್ನೂ ಇಳಿಸಬಲ್ಲದು. ರಸಾಯನಶಾಸ್ತ್ರ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಔಷಧದ ಜತೆಗೆ ಈ ಕೆಲಸವನ್ನೂ ತಮ್ಮದೆಂದುಕೊಳ್ಳಲಿ; ಅದಕ್ಕೆ ಬೇಕಾದ ವಿದ್ಯೆ ಈ ಊರಿನಲ್ಲೇ ಇದೆ.