ನಷ್ಟದ ಲೆಕ್ಕ ಮತ್ತು ನಂಬಿಕೆ



ಕಷ್ಟ ಬಂದಾಗ ದೇವರನ್ನು ನಂಬುವುದು ಹೇಗೆ? ಕ್ರೈಸ್ತರಾದ ನಾವು ಸಭೆಯಲ್ಲಿ ಈ ಪ್ರಶ್ನೆ ಕೇಳಿಕೊಳ್ಳುತ್ತೇವೆ. ಶೇಂಗಾ ಬಿತ್ತಿ ಮುಗಿಲು ನೋಡುತ್ತ ಕುಳಿತ ನಮ್ಮ ಆದವಾನಿ, ಆಲೂರು, ರಾಯದುರ್ಗದ ಕಡೆಯ ರೈತನೂ ತನ್ನ ದೇವರಿಗೆ ಇದನ್ನೇ ಕೇಳುತ್ತಾನೆ. ನಾನು ಓದಿದ್ದು ಮೆಟ್ರಿಕ್‌ವರೆಗೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದು ನಿವೃತ್ತನಾದವನು. ದೊಡ್ಡ ಧರ್ಮಶಾಸ್ತ್ರ ನನಗೆ ಬಾರದು. ಆದ್ದರಿಂದ ಒಬ್ಬ ಮನುಷ್ಯನ ನಷ್ಟದ ಲೆಕ್ಕವನ್ನಷ್ಟೇ ನಿಮ್ಮ ಮುಂದೆ ಇಡುತ್ತೇನೆ. ಅದರಲ್ಲಿ ನಮ್ಮ ಕನ್ನಡದ ಬಾಬತ್ತೂ ಇದೆ, ತೆಲುಗಿನ ಬಾಬತ್ತೂ ಇದೆ.

ಆ ಮನುಷ್ಯ ವಿಲಿಯಂ ಕೇರಿ. ಹುಟ್ಟಿದ್ದು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ, 1761ರಲ್ಲಿ. ಕಸುಬು ಚಪ್ಪಲಿ, ಬೂಟು ಹೊಲಿಯುವುದು. 1793ರಲ್ಲಿ ಹೆಂಡತಿ ಮಕ್ಕಳೊಡನೆ ಬಂಗಾಳಕ್ಕೆ ಬಂದರು. ಮರುವರ್ಷವೇ 5 ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡ. ಮಗುವನ್ನು ಮಣ್ಣು ಮಾಡಲು ನೆರವಿಗೆ ಬರುವವರು ಸಿಕ್ಕುವುದೂ ಕಷ್ಟವಾಯಿತು. ಹೆಂಡತಿ ಡೊರೊಥಿಗೆ ಈ ದೇಶಕ್ಕೆ ಬರುವ ಮನಸ್ಸೇ ಇರಲಿಲ್ಲ. ಆ ತಾಯಿ ಬುದ್ಧಿಯ ಸ್ವಾಸ್ಥ್ಯ ಕಳೆದುಕೊಂಡು, ಸುಮಾರು 12 ವರ್ಷ ಹಾಗೆಯೇ ಬಾಳಿ 1807ರಲ್ಲಿ ಕಣ್ಣು ಮುಚ್ಚಿದರು. ಯಾವ ಕೆಲಸಕ್ಕೆಂದು ಕೇರಿಯವರು ಬಂದರೋ ಆ ಕೆಲಸದಲ್ಲಿ ಮೊದಲ 7 ವರ್ಷ ಫಲವೇ ಕಾಣಲಿಲ್ಲ. ಕೃಷ್ಣಪಾಲ ಎಂಬ ಬಡಗಿ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರಿನಲ್ಲಿ.

ಇಷ್ಟಾದ ಮೇಲೆ ಬಂತು ಬೆಂಕಿ. ಕಲ್ಕತ್ತೆಯ ಬಳಿ, ಹೂಗ್ಲಿ ನದಿಯ ದಂಡೆಯ ಶ್ರೀರಾಮಪುರದಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಮೂವರೂ ಸೇರಿ ಅಚ್ಚುಕೂಟ ನಡೆಸುತ್ತಿದ್ದರು. 1812ರ ಮಾರ್ಚ್ 11ರ ಸಂಜೆ ಅಲ್ಲಿ ಹೊಗೆ ಕಂಡಿತು. ವಾರ್ಡ್ ಅವರು ಬಾಗಿಲು ಕಿಟಕಿ ಮುಚ್ಚಿಸಿ, ಮಾಳಿಗೆಯ ಮೇಲಿನಿಂದ ತಾಸುಗಟ್ಟಲೆ ನೀರು ಹೊಯ್ಯಿಸಿದರು. ಯಾರೋ ಅರಿಯದೆ ಒಂದು ಕಿಟಕಿ ತೆರೆದರು. ಗಾಳಿ ನುಗ್ಗಿತು, ಉರಿ ಎದ್ದಿತು, ಮಧ್ಯರಾತ್ರಿಯ ಹೊತ್ತಿಗೆ ಮಾಳಿಗೆ ಕುಸಿಯಿತು. ಪ್ರಾಣಹಾನಿ ಆಗಲಿಲ್ಲ. ಹಣದ ನಷ್ಟ ಆ ಕಾಲದ ಲೆಕ್ಕದಲ್ಲಿ ಸುಮಾರು 70,000 ರೂಪಾಯಿ.

ಹಣಕ್ಕಿಂತ ದೊಡ್ಡ ನಷ್ಟ ಕೈಬರಹದ ಕಾಗದಗಳದ್ದು. ಕೇರಿಯವರು ಕನ್ನಡಕ್ಕೆ ತಂದಿದ್ದ ಹೊಸ ಒಡಂಬಡಿಕೆ ಸುಟ್ಟುಹೋಯಿತು. ತೆಲುಗು ವ್ಯಾಕರಣ ಹೋಯಿತು. ಸಂಸ್ಕೃತವನ್ನೂ ಭಾರತದ ಇತರ ಭಾಷೆಗಳನ್ನೂ ಒಟ್ಟಿಗೆ ಹೆಣೆದು ಬರೆಯುತ್ತಿದ್ದ ದೊಡ್ಡ ನಿಘಂಟು ಬೂದಿಯಾಯಿತು. ಆಗ ನಕಲು ಪ್ರತಿ ತೆಗೆಯುವ ಯಂತ್ರವಿರಲಿಲ್ಲ. ಹೋದದ್ದು ಹೋದಂತೆಯೇ.

ಕೇರಿ ಆ ರಾತ್ರಿ ಕಲ್ಕತ್ತೆಯಲ್ಲಿದ್ದರು. ಮಾರನೆಯ ದಿನ ಮಾರ್ಷ್‌ಮನ್ ಹೋಗಿ ಸುದ್ದಿ ಮುಟ್ಟಿಸಿದರು. ಸಂಜೆ ಬಂದು ಸುಟ್ಟ ಗೋಡೆಗಳ ನಡುವೆ ಅಡ್ಡಾಡಿದರು. ಮುಂದಿನ ಭಾನುವಾರ ಅವರು ಉಪದೇಶಕ್ಕೆ ಆರಿಸಿಕೊಂಡದ್ದು 46ನೆಯ ಕೀರ್ತನೆಯನ್ನು. ಭೂಮಿ ಅಲುಗಿದರೂ ಸುಮ್ಮನಿದ್ದು ದೇವರನ್ನು ದೇವರೆಂದು ತಿಳಿಯಬೇಕೆಂಬ ಆ ಮಾತನ್ನು. ಕೊಟ್ಟವನಿಗೆ ತೆಗೆದುಕೊಳ್ಳುವ ಹಕ್ಕೂ ಇದೆ, ಅದನ್ನು ಒಪ್ಪಿ ನಡೆಯುವುದು ನಮ್ಮ ಕರ್ತವ್ಯ ಎಂಬುದು ಅವರ ಉಪದೇಶದ ಸಾರ.

ಈಗ ಒಂದು ಮಾತು ಗಮನಿಸಿ. ಸುಮ್ಮನಿರುವುದು ಎಂದರೆ ಕೈಕಟ್ಟಿ ಕೂರುವುದು ಎಂದು ಅವರು ತಿಳಿಯಲಿಲ್ಲ. ಬೂದಿ ಕೆದಕಿ ಕರಗಿದ ಸೀಸವನ್ನು ಆರಿಸಿದರು. ಅಚ್ಚಿನ ಯಂತ್ರಗಳೂ ಅಕ್ಷರದ ಉಕ್ಕಿನ ಮೊಳೆಗಳೂ ಉಳಿದಿದ್ದವು. ಹೊಸದಾಗಿ ಅಕ್ಷರ ಎರಕ ಹೊಯ್ದು ಕೆಲಸಕ್ಕೆ ತೊಡಗಿದರು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಲ ನಡೆಯುವುದು ಸಲೀಸು ಎಂದು ಕೇರಿ ತಮ್ಮ ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಸುದ್ದಿ ತಿಳಿದ ಇಂಗ್ಲೆಂಡಿನ ಜನ ಸುಮಾರು 10,000 ಪೌಂಡ್ ಕೂಡಿಸಿ ಕಳಿಸಿದರು. 1814ರಲ್ಲಿ ತೆಲುಗು ವ್ಯಾಕರಣ ಹೊರಬಂತು, 1817ರಲ್ಲಿ ಕನ್ನಡ ವ್ಯಾಕರಣ ಬಂತು, 1820ರ ದಶಕದಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಶ್ರೀರಾಮಪುರದಲ್ಲಿ ಅಚ್ಚಾಯಿತು. ಇತ್ತ ನಮ್ಮ ಪಕ್ಕದ ಬಳ್ಳಾರಿಗೆ 1810ರಲ್ಲಿ ಬಂದಿದ್ದ ಜಾನ್ ಹ್ಯಾಂಡ್ಸ್ ಅವರೂ ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ವರ್ಷಗಟ್ಟಲೆ ದುಡಿದರು. 1953ರವರೆಗೆ ನಮ್ಮ ಆದವಾನಿ, ಆಲೂರು, ರಾಯದುರ್ಗಗಳೂ ಆ ಬಳ್ಳಾರಿ ಜಿಲ್ಲೆಯವೇ ಅಲ್ಲವೇ?

ಆದರೆ ಲೆಕ್ಕವನ್ನು ಲೆಕ್ಕದ ಹಾಗೆಯೇ ಹೇಳಬೇಕು. ಎಲ್ಲವೂ ತಿರುಗಿ ಬರಲಿಲ್ಲ. ಆ ದೊಡ್ಡ ನಿಘಂಟು ಮತ್ತೆ ಹುಟ್ಟಲಿಲ್ಲ. ಪೀಟರ್ ತಿರುಗಿ ಬರಲಿಲ್ಲ. ಡೊರೊಥಿಗೆ ಗುಣವಾಗಲಿಲ್ಲ. ನಂಬಿದರೆ ದೇವರು ಬಡ್ಡಿಸಮೇತ ಹಿಂದಕ್ಕೆ ಕೊಡುತ್ತಾನೆ ಎಂದು ಕೆಲವರು ಹೇಳುತ್ತಾರೆ. ನಂಬಿಕೆ ಎಂಬುದು ಫಿಕ್ಸೆಡ್ ಡಿಪಾಜಿಟ್ ಅಲ್ಲ. ಏನೂ ಬಾರದ ದಿನವೂ ದೇವರ ಕೈ ಬಿಡದೆ ಇರುವುದು ನಂಬಿಕೆ.

ಅಳಬಾರದು ಎಂದೂ ಇದರ ಅರ್ಥವಲ್ಲ. ಕೀರ್ತನೆಗಳ ಪುಸ್ತಕದಲ್ಲಿ ಅಳುವ ಹಾಡುಗಳೇ ಎಷ್ಟೋ ಇವೆ. ತನ್ನನ್ನು ಯಾಕೆ ಕೈಬಿಟ್ಟೆ ಎಂದು ಯೇಸುಸ್ವಾಮಿಯೇ ಶಿಲುಬೆಯ ಮೇಲೆ ತಂದೆಯನ್ನು ಕೂಗಿ ಕೇಳಿದರು. ಕೇಳಿದ್ದು ದೇವರನ್ನೇ. ಅದೂ ನಂಬಿಕೆಯೇ.

ಇನ್ನೊಂದು ಮಾತು. ಪಕ್ಕದ ಮನೆಯಲ್ಲಿ ಸಾವಾದಾಗ, ಬೆಳೆ ಹೋದಾಗ, ಮಗು ಕಾಯಿಲೆ ಬಿದ್ದಾಗ, ಅವರ ಪಾಪದ ಫಲ ಎನ್ನುವ ನಾಲಿಗೆಗಳು ನಮ್ಮಲ್ಲಿವೆ. ಹುಟ್ಟುಕುರುಡನನ್ನು ತೋರಿಸಿ ಪಾಪ ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ, ಎರಡೂ ಅಲ್ಲವೆಂದು ಯೇಸುಸ್ವಾಮಿ ಹೇಳಿದ್ದು ಯೋಹಾನನ ಸುವಾರ್ತೆಯಲ್ಲಿದೆ. ಯೋಬನ ಸ್ನೇಹಿತರು ಅವನೊಡನೆ 7 ದಿನ ಮೌನವಾಗಿ ನೆಲದ ಮೇಲೆ ಕುಳಿತರು. ಅಲ್ಲಿಯವರೆಗೆ ಅವರು ಮಾಡಿದ್ದು ಸರಿಯಾಗಿತ್ತು. ಕೆಟ್ಟದ್ದು ಬಾಯಿ ತೆರೆದ ಮೇಲೆ.

ಆದ್ದರಿಂದ ದುಃಖದ ಮನೆಗೆ ಹೋದರೆ ಉಪದೇಶ ಮಾಡಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ. ಒಲೆ ಹಚ್ಚಿರದಿದ್ದರೆ ಒಂದು ಹೊತ್ತಿನ ಊಟ ಕಳಿಸಿ. ಕಾಯಿಲೆಯಾದರೆ ಪ್ರಾರ್ಥನೆಯೂ ಇರಲಿ, ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಇರಲಿ. ಮನಸ್ಸಿನ ಕಾಯಿಲೆಗೂ ಈಗ ವೈದ್ಯರಿದ್ದಾರೆ. ಡೊರೊಥಿಯ ಕಾಲದಲ್ಲಿ ಇಲ್ಲದ ಔಷಧಿಗಳಿವೆ. ದುಃಖ ನಿಮ್ಮದೇ ಆದರೆ ಇಂದು ಮಾಡಬೇಕಾದ ಒಂದು ಸಣ್ಣ ಕೆಲಸ ಮಾಡಿ. ನಾಳೆಯದನ್ನು ದೇವರಿಗೆ ಬಿಡಿ.

ಕೇರಿ 1834ರಲ್ಲಿ ಶ್ರೀರಾಮಪುರದಲ್ಲಿಯೇ ತೀರಿಕೊಂಡರು. ಬೆಂಕಿಯ ನಂತರ 22 ವರ್ಷ ದುಡಿದರು. ಅಷ್ಟು ವರ್ಷ ಕೈ ನಡೆಸಿದ ನಂಬಿಕೆ ನಿಮ್ಮ ಮನೆಗೂ ನಮ್ಮ ಮನೆಗೂ ದೊರೆಯಲಿ ಎಂದು ಹಾರೈಸುತ್ತೇನೆ.